ಮಳೆಯ ಲೆಕ್ಕ ಹಿಡಿದು ಹೊರಟ ಗಿಲ್ಬರ್ಟ್ ವಾಕರ್

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದು ಕಳಿಸು ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಫೋನಿನಲ್ಲಿ ಹೇಳಿದಾಗ, ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ಬಹಳ ಜನ ಇದ್ದಾರೆ, ನಾನು ಒಬ್ಬ ಮನುಷ್ಯನ ಕಥೆ ಬರೆಯುತ್ತೇನೆ ಎಂದೆ. ಯಾರದು ಎಂದು ಕೇಳಿದರು. ಗಿಲ್ಬರ್ಟ್ ವಾಕರ್ ಎಂದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಿ ಬರಿ, ಆದರೆ ಊರಿನವರಿಗೆ ಅರ್ಥವಾಗುವ ಹಾಗೆ ಬರಿ ಎಂದರು. ಪ್ರಯತ್ನ ಮಾಡಿದ್ದೇನೆ.

ವಾಕರ್ ಹೆಸರು ನನಗೆ ಮೊದಲು ಸಿಕ್ಕಿದ್ದು ಯಾವ ಚರಿತ್ರೆಯ ಪುಸ್ತಕದಲ್ಲೂ ಅಲ್ಲ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಕಾಲಕಾಲಕ್ಕೆ ಏರಿಳಿಯುವ ಅಂಕಿಗಳಿಂದ ಮುಂದಿನ ಅಂಕಿಯನ್ನು ಅಂದಾಜು ಮಾಡುವ ಒಂದು ಪ್ರೋಗ್ರಾಂ ಬರೆಯಬೇಕಾಗಿ ಬಂತು. ಅದರಲ್ಲಿ ಬಳಸುವ ಒಂದು ಸಮೀಕರಣಕ್ಕೆ ಯೂಲ್-ವಾಕರ್ ಎಂದು ಹೆಸರು. ಈ ವಾಕರ್ ಯಾರು ಎಂದು ಹುಡುಕುತ್ತಾ ಹೋದರೆ, ಆತ ನಮ್ಮ ದೇಶದ ಹವಾಮಾನ ಇಲಾಖೆಗೆ 20 ವರ್ಷ ಮುಖ್ಯಸ್ಥನಾಗಿದ್ದ, ಶಿಮ್ಲಾದಲ್ಲಿ ಕುಳಿತು ಮುಂಗಾರಿನ ಗುಟ್ಟು ಹುಡುಕಿದ ಎಂದು ತಿಳಿಯಿತು. ಚಿತ್ರದುರ್ಗ ಜಿಲ್ಲೆಯ ಮಳೆಯಾಶ್ರಿತ ಹೊಲದಲ್ಲಿ ಕಡಲೆಕಾಯಿ ಕಿತ್ತು ಬೆಳೆದವನಿಗೆ ಇದಕ್ಕಿಂತ ಹತ್ತಿರದ ಮನುಷ್ಯ ಇನ್ನೆಲ್ಲಿ ಸಿಗುತ್ತಾನೆ?

ಈಗ ಪ್ರತಿ ವರ್ಷ ಏಪ್ರಿಲ್ ಬಂದರೆ ಪತ್ರಿಕೆಗಳಲ್ಲಿ ಎಲ್ ನಿನೊ ಎಂಬ ಪದ ಬರುತ್ತದೆ. ಅರಳಿಕಟ್ಟೆಯ ಮೇಲೆ ಕುಳಿತ ಹಿರಿಯರೂ ಅದನ್ನು ಹೇಳುತ್ತಾರೆ. ಎಲ್ಲೋ ಪೆಸಿಫಿಕ್ ಸಾಗರದ ನೀರು ಬಿಸಿಯಾದರೆ ನಮ್ಮೂರಿನ ಹೊಲಕ್ಕೇನು ಎಂಬ ಪ್ರಶ್ನೆ ಸಹಜ. ಆ ಪ್ರಶ್ನೆಗೆ ಉತ್ತರದ ಮೊದಲ ಅರ್ಧವನ್ನು ಕಂಡವನು ವಾಕರ್. ಅವನ ಕಥೆಗೆ ಮುಂಚೆ ಒಂದು ಬರದ ಕಥೆ ಹೇಳಬೇಕು.

ನಮ್ಮ ಕಡೆ ಹಳೆಯ ತಲೆಮಾರಿನವರು ಧಾತು-ಈಶ್ವರದ ಬರ ಎಂದು ಹೇಳುತ್ತಿದ್ದುದನ್ನು ಕೆಲವರು ಕೇಳಿರಬಹುದು. ಧಾತು ಸಂವತ್ಸರ, ಈಶ್ವರ ಸಂವತ್ಸರ, ಅಂದರೆ 1876ರಿಂದ 1878. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರ ಗಣತಿಯಲ್ಲಿ ಉಳಿದದ್ದು ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಿತ್ತು, ಎಂಟು ಲಕ್ಷಕ್ಕೂ ಮೀರಿ ಕಡಿಮೆಯಾದರು. ಮಳೆ ಹೋದದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಭಾರತದಿಂದ ಇಂಗ್ಲೆಂಡಿಗೆ ಧಾನ್ಯ ಹಡಗಿನಲ್ಲಿ ಹೋಗುತ್ತಲೇ ಇತ್ತು ಎಂಬುದೂ ನಿಜ. ಬರಕ್ಕೆ ಆಕಾಶ ಕಾರಣ, ಸಾವಿಗೆ ಆಕಾಶವೊಂದೇ ಕಾರಣವಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮಳೆಯ ಮುನ್ಸೂಚನೆ ಸಿಕ್ಕರೆ ಸಾಕು, ಕ್ಷಾಮ ತಪ್ಪುತ್ತದೆ ಎಂದು ಅಂದಿನ ಸರ್ಕಾರ ನಂಬಿಕೊಂಡಂತೆ ಕಾಣುತ್ತದೆ.

ಭಾರತದ ಹವಾಮಾನ ಇಲಾಖೆ ಶುರುವಾಗಿದ್ದು 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್. ಇಲಾಖೆ ಹುಟ್ಟಿದ ಮರುವರ್ಷವೇ ಈ ಮಹಾ ಬರ. ಮಳೆ ಮುಂಚಿತವಾಗಿ ತಿಳಿಯುವ ದಾರಿ ಇದೆಯೇ ಎಂದು ಆಡಳಿತದವರು ಕೇಳತೊಡಗಿದರು. ಹಿಮಾಲಯದಲ್ಲಿ ಚಳಿಗಾಲ, ವಸಂತಕಾಲಗಳಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಸೊರಗುತ್ತದೆ ಎಂಬುದನ್ನು ಬ್ಲಾನ್‌ಫರ್ಡ್ ಗಮನಿಸಿದ್ದ. ಅದನ್ನೇ ಆಧಾರವಾಗಿಟ್ಟುಕೊಂಡು ಮೊದಲು ಕೆಲವು ವರ್ಷ ಪ್ರಾಯೋಗಿಕವಾಗಿ, ಆಮೇಲೆ 1886ರಿಂದ ಕ್ರಮವಾಗಿ ಮುಂಗಾರಿನ ಮುನ್ಸೂಚನೆ ಕೊಟ್ಟ. ಅವನ ನಂತರ ಬಂದ ಜಾನ್ ಎಲಿಯಟ್ ಇನ್ನೂ ಅನೇಕ ಅಂಶಗಳನ್ನು ಸೇರಿಸಿ ಉದ್ದುದ್ದ ವರದಿ ಬರೆಯುತ್ತಿದ್ದ. 1899ರಲ್ಲಿ ಮಳೆ ಚೆನ್ನಾಗಿ ಆಗುತ್ತದೆ ಎಂದು ಎಲಿಯಟ್ ಹೇಳಿದ್ದ. ಆ ವರ್ಷ ಬಂದದ್ದು ಶತಮಾನದ ಕೊನೆಯ ಘೋರ ಬರ. ಪತ್ರಿಕೆಗಳು ಛೀಮಾರಿ ಹಾಕಿದವು. ಕೆಲವು ವರ್ಷ ಮುನ್ಸೂಚನೆಯನ್ನು ಜನರಿಗೆ ಹೇಳದೆ ಸರ್ಕಾರದೊಳಗೇ ಗುಟ್ಟಾಗಿ ಇಟ್ಟುಕೊಳ್ಳುವ ಪರಿಸ್ಥಿತಿ ಬಂತು. ಇಂತಹ ಸಮಯದಲ್ಲಿ, ಈ ಮುರಿದ ಗಾಡಿಯ ಮೂಕಿ ಹಿಡಿಯಲು ಕರೆಸಿದ್ದು ಹವಾಮಾನದ ಗಂಧಗಾಳಿ ಇಲ್ಲದ ಒಬ್ಬ ಗಣಿತದ ಮೇಷ್ಟ್ರನ್ನು.

ಗಿಲ್ಬರ್ಟ್ ಥಾಮಸ್ ವಾಕರ್ ಹುಟ್ಟಿದ್ದು 1868ರ ಜೂನ್ 14ರಂದು, ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ್ಯದ ರಾಚ್‌ಡೇಲ್ ಎಂಬ ಊರಿನಲ್ಲಿ. ತಂದೆ ಎಂಜಿನಿಯರ್. ಮನೆತನ ಲಂಡನ್ನಿನ ಪಕ್ಕದ ಕ್ರಾಯ್ಡನ್‌ಗೆ ಬಂದ ಮೇಲೆ ಹುಡುಗ ಸೇಂಟ್ ಪಾಲ್ಸ್ ಶಾಲೆಗೆ ಹೋದ. ಬುಗುರಿಯಂತೆ ತಿರುಗುವ ವಸ್ತುಗಳ ಹುಚ್ಚು ಅವನಿಗೆ ಆಗಲೇ ಹಿಡಿದಿತ್ತು. ಶಾಲೆಯಲ್ಲಿದ್ದಾಗಲೇ ಒಂದು ಗೈರೊಸ್ಕೋಪ್ ಮಾಡಿದ್ದನಂತೆ. ಅಲ್ಲಿಂದ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. 1889ರಲ್ಲಿ ಗಣಿತದ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೇ ಮೊದಲಿಗ. ಆ ಸ್ಥಾನಕ್ಕೆ ಅಲ್ಲಿ ಸೀನಿಯರ್ ರ‍್ಯಾಂಗ್ಲರ್ ಎನ್ನುತ್ತಾರೆ.

ಓದಿನ ಒತ್ತಡದಿಂದಲೋ ಏನೋ, ಅದಾದ ಸ್ವಲ್ಪ ದಿನಕ್ಕೇ ಆರೋಗ್ಯ ಕೆಟ್ಟಿತು. ಕೆಲವು ಚಳಿಗಾಲಗಳನ್ನು ಸ್ವಿಟ್ಜರ್‌ಲೆಂಡಿನಲ್ಲಿ ಕಳೆಯಬೇಕಾಯಿತು. ಅಲ್ಲಿ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಕಲಿತ. ಮರಳಿ ಬಂದು ಟ್ರಿನಿಟಿಯಲ್ಲಿ ಪಾಠ ಹೇಳತೊಡಗಿದ. ಕಾಲೇಜಿನ ಹಿಂದೆ ನದಿಯ ದಂಡೆಯ ಹುಲ್ಲುಗಾವಲಿನಲ್ಲಿ ಈ ಮೇಷ್ಟ್ರು ಬೂಮರಾಂಗ್ ಎಸೆಯುತ್ತಿದ್ದ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಆ ಬಾಗಿದ ಮರದ ತುಂಡು ಎಸೆದವನ ಕೈಗೇ ಏಕೆ ವಾಪಸ್ ಬರುತ್ತದೆ ಎಂದು ಲೆಕ್ಕ ಹಾಕಿ 1897ರಲ್ಲಿ ದೊಡ್ಡ ಪ್ರಬಂಧವನ್ನೇ ಬರೆದ. ಗೆಳೆಯರು ಅವನನ್ನು ಬೂಮರಾಂಗ್ ವಾಕರ್ ಎಂದೇ ಕರೆದರು. ಒಂದು ಕಡೆಗೆ ತಿರುಗಿಸಿದರೆ ಸಲೀಸಾಗಿ ಸುತ್ತಿ, ಇನ್ನೊಂದು ಕಡೆಗೆ ತಿರುಗಿಸಿದರೆ ಅಲುಗಾಡಿ ನಿಂತು ತಾನೇ ಹಿಂದಕ್ಕೆ ತಿರುಗುವ ಒಂದು ಬಗೆಯ ಕಲ್ಲಿದೆ. ಅದರ ಲೆಕ್ಕವನ್ನೂ ಬಿಡಿಸಿದ. ಆಟದ ಸಾಮಾನು ಹಿಡಿದುಕೊಂಡು ಕಾಲ ಕಳೆಯುವ ಪ್ರೊಫೆಸರ್ ಎಂದು ನಗಬೇಡಿ. ತಿರುಗಿ ತಿರುಗಿ ಬರುವುದರ ಮೇಲೆ ಇದ್ದ ಈ ಪ್ರೀತಿ ಮುಂದೆ ಕೆಲಸಕ್ಕೆ ಬಂತು.

ಎಲಿಯಟ್ ನಿವೃತ್ತಿಯಾಗುವ ಹೊತ್ತಿಗೆ, ಹವಾಮಾನ ಗೊತ್ತಿರುವವರಿಗಿಂತ ಗಣಿತ ಗೊತ್ತಿರುವವನು ಬೇಕು ಎಂಬ ಯೋಚನೆ ಬಂದಿತ್ತು. 1904ರಲ್ಲಿ, 36ನೇ ವಯಸ್ಸಿಗೆ, ವಾಕರ್ ಭಾರತದ ವೀಕ್ಷಣಾಲಯಗಳ ಮಹಾನಿರ್ದೇಶಕನಾಗಿ ಅಧಿಕಾರ ವಹಿಸಿಕೊಂಡ. ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆದ. ಕಚೇರಿ ಶಿಮ್ಲಾದಲ್ಲಿ.

ಬಂದವನು ಮೊದಲು ಒಂದು ವಿಷಯವನ್ನು ಒಪ್ಪಿಕೊಂಡ. ಮುಂಗಾರು ಏಕೆ ಕೆಲವು ವರ್ಷ ಬರುತ್ತದೆ, ಕೆಲವು ವರ್ಷ ಕೈಕೊಡುತ್ತದೆ ಎಂಬುದಕ್ಕೆ ಭೌತಶಾಸ್ತ್ರದಿಂದ ಉತ್ತರ ಹೇಳುವಷ್ಟು ತಿಳಿವಳಿಕೆ ಅಂದು ಯಾರಿಗೂ ಇರಲಿಲ್ಲ. ಕಾರಣ ಗೊತ್ತಿಲ್ಲದಿದ್ದರೂ ಸಂಬಂಧ ಹುಡುಕಬಹುದಲ್ಲ ಎಂಬುದು ಅವನ ದಾರಿ. ನಮ್ಮ ಹಿರಿಯರೂ ಮಾಡಿದ್ದು ಅದನ್ನೇ. ಭರಣಿ ಮಳೆ ಹೇಗೆ ಬಂತು, ರೋಹಿಣಿ ಹೇಗೆ ಹೋಯಿತು ಎಂದು ನೋಡಿ ಮುಂದಿನ ಮಳೆ ಹೇಳುತ್ತಿದ್ದರು. ಆದರೆ ಬಾಯಿಂದ ಬಾಯಿಗೆ ಬಂದ ಮಾತಿನಲ್ಲಿ ನಿಜವಾದದ್ದು ನೆನಪಿರುತ್ತದೆ, ಸುಳ್ಳಾದದ್ದು ಮರೆತುಹೋಗುತ್ತದೆ. ವಾಕರ್ ಎರಡನ್ನೂ ಲೆಕ್ಕದ ಪುಸ್ತಕಕ್ಕೆ ಇಳಿಸಿದ.

ಅವನು ಬಳಸಿದ್ದು ಸಹಸಂಬಂಧದ ಲೆಕ್ಕ. ಸರಳವಾಗಿ ಹೇಳುತ್ತೇನೆ. ಒಂದು ಕಂಬಸಾಲಿನಲ್ಲಿ 40 ವರ್ಷದ ಮುಂಗಾರು ಮಳೆ ಬರೆಯಿರಿ. ಪಕ್ಕದಲ್ಲಿ ಅದೇ ವರ್ಷಗಳ ಮೇ ತಿಂಗಳಲ್ಲಿ ಮಾರಿಷಸ್ ದ್ವೀಪದ ವಾಯುಭಾರ ಬರೆಯಿರಿ. ಒಂದು ಏರಿದಾಗಲೆಲ್ಲ ಇನ್ನೊಂದೂ ಏರಿದರೆ ಉತ್ತರ 1ರ ಹತ್ತಿರ ಬರುತ್ತದೆ. ಒಂದು ಏರಿದಾಗ ಇನ್ನೊಂದು ಇಳಿದರೆ ಮೈನಸ್ 1ರ ಹತ್ತಿರ. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಸೊನ್ನೆಯ ಸುತ್ತಮುತ್ತ. ಹೇಳಲು ಸುಲಭ. ಪ್ರತಿ ಅಂಕಿಯನ್ನೂ ಸರಾಸರಿಯಿಂದ ಕಳೆದು, ಗುಣಿಸಿ, ಕೂಡಿ, ವರ್ಗಮೂಲ ತೆಗೆದು, ಭಾಗಿಸಬೇಕು. ಇಂದು ನನ್ನ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುವ ಇದನ್ನು ಅಂದು ಮನುಷ್ಯರೇ ಮಾಡಬೇಕಿತ್ತು. ಆಗ ಕಂಪ್ಯೂಟರ್ ಎಂದರೆ ಲೆಕ್ಕ ಮಾಡುವ ಮನುಷ್ಯ ಎಂದೇ ಅರ್ಥ.

ಶಿಮ್ಲಾದ ಕಚೇರಿಯಲ್ಲಿ ಆ ಮನುಷ್ಯರು ನಮ್ಮ ದೇಶದ ಗುಮಾಸ್ತರು. ಪ್ರಪಂಚದ ನಾನಾ ಕಡೆಯಿಂದ ಬಂದ ವಾಯುಭಾರ, ಉಷ್ಣತೆ, ಮಳೆಯ ಅಂಕಿಗಳನ್ನು ಸಾಲು ಸಾಲಾಗಿ ಬರೆದು ಕೂಡಿದವರು, ಕಳೆದವರು ಅವರು. ವಾಕರನ ಹೆಸರಿನಲ್ಲಿ ಒಂದು ಸಮೀಕರಣ, ಒಂದು ಗಾಳಿಯ ಚಕ್ರ ಉಳಿದಿವೆ. ಆ ಗುಮಾಸ್ತರ ಹೆಸರಿನಲ್ಲಿ ಏನೂ ಉಳಿಯಲಿಲ್ಲ. ದಿನವಿಡೀ ಪರದೆಯ ಮುಂದೆ ಕುಳಿತು ಬೇರೆಯವರ ಲೆಕ್ಕ ಮಾಡುವ ಕಸುಬಿನವನಾದ್ದರಿಂದ ನನಗೆ ಇದು ಸ್ವಲ್ಪ ಹೆಚ್ಚೇ ತಾಗುತ್ತದೆ.

ಹೀಗೆ ಜರಡಿ ಹಿಡಿದು ವಾಕರ್ ಕೆಲವು ಸೂಚಕಗಳನ್ನು ಆರಿಸಿಕೊಂಡ. ಹಿಮಾಲಯದ ಹಿಮ, ಮಾರಿಷಸ್‌ನ ವಾಯುಭಾರ, ದಕ್ಷಿಣ ಅಮೆರಿಕದ ವಾಯುಭಾರ, ಆಫ್ರಿಕಾದ ಜಾಂಜಿಬಾರ್‌ನ ಮಳೆ. ದಕ್ಷಿಣ ಅಮೆರಿಕದಲ್ಲಿ ವಸಂತದ ತಿಂಗಳುಗಳಲ್ಲಿ ವಾಯುಭಾರ ಹೆಚ್ಚಿದ್ದರೆ ನಮಗೆ ಒಳ್ಳೆಯ ಸೂಚನೆ. ಉಳಿದ ಮೂರು ಹೆಚ್ಚಿದ್ದರೆ ಕೆಟ್ಟ ಸೂಚನೆ. ಒಂದೊಂದಕ್ಕೂ ಎಷ್ಟು ತೂಕ ಕೊಡಬೇಕೆಂದು ಲೆಕ್ಕ ಹಾಕಿ ಒಂದು ಸೂತ್ರ ಮಾಡಿದ. ಮುನ್ಸೂಚನೆ ಅಧಿಕಾರಿಯ ಅನಿಸಿಕೆಯಿಂದ ಬಿಡುಗಡೆಯಾಗಿ ಅಂಕಿಯ ಮೇಲೆ ನಿಂತದ್ದು ಪ್ರಪಂಚದಲ್ಲೇ ಬಹುಶಃ ಇಲ್ಲಿ ಮೊದಲು. ಇಡೀ ದೇಶಕ್ಕೆ ಒಂದೇ ಮಾತು ಹೇಳಿದರೆ ಆಗದು ಎಂದು ಕಂಡುಕೊಂಡು ಮುಂದೆ ಪರ್ಯಾಯದ್ವೀಪಕ್ಕೊಂದು, ವಾಯವ್ಯ ಭಾರತಕ್ಕೊಂದು ಲೆಕ್ಕ ಬೇರೆ ಮಾಡಿದ. ಈಶಾನ್ಯ ಭಾಗದ ಮಳೆ ಅವನ ಸೂತ್ರಕ್ಕೆ ಸಿಕ್ಕಲಿಲ್ಲ.

ನನಗೆ ವಾಕರ್ ಮೇಲೆ ನಿಜವಾದ ಗೌರವ ಹುಟ್ಟಿದ್ದು ಇಲ್ಲಿ ಅಲ್ಲ, 1914ರಲ್ಲಿ ಅವನು ಬರೆದ ಒಂದು ಚಿಕ್ಕ ಪ್ರಬಂಧದಿಂದ. ನೂರು ಕಡೆ ಹುಡುಕಿದರೆ ಯಾವುದಾದರೂ ಒಂದೆರಡು ಕಡೆ ಸುಮ್ಮನೆ ಹೊಂದಿಕೆ ಕಂಡೇ ಕಾಣುತ್ತದೆ. ನಮ್ಮ ಶಾಲೆಯ 400 ಮಕ್ಕಳ ಕೈಯಲ್ಲಿ ಒಂದೊಂದು ನಾಣ್ಯ ಕೊಟ್ಟು ಎಂಟು ಸಲ ಚಿಮ್ಮಿಸಿ. ಒಬ್ಬರಿಗೋ ಇಬ್ಬರಿಗೋ ಎಂಟಕ್ಕೆ ಎಂಟೂ ರಾಜನ ಮುಖವೇ ಬೀಳುತ್ತದೆ. ಆ ಮಗುವಿನ ಕೈಗುಣ ದೊಡ್ಡದು ಎಂದು ಮೆರವಣಿಗೆ ಮಾಡಬಹುದೇ? ನೂರರಲ್ಲಿ ಆರಿಸಿ ತೆಗೆದ ಸಂಬಂಧವನ್ನು, ಒಂದೇ ಒಂದನ್ನು ಪರೀಕ್ಷಿಸಿದಂತೆ ನಂಬಬಾರದು, ಅದಕ್ಕೆ ಇನ್ನೂ ಕಠಿಣವಾದ ಪರೀಕ್ಷೆ ಬೇಕು ಎಂದು ವಾಕರ್ ಗಣಿತದಿಂದ ತೋರಿಸಿದ. ಸೂರ್ಯನ ಕಲೆಗಳನ್ನು ನೋಡಿ ಬರ ಹೇಳುತ್ತೇವೆ ಎನ್ನುವವರು ಆ ಕಾಲದಲ್ಲಿ ಬಹಳ ಇದ್ದರು. ಅವರಿಗೆ ಮಾತ್ರವಲ್ಲ, ತನ್ನದೇ ಸೂತ್ರಕ್ಕೂ ಅವನು ಹಾಕಿಕೊಂಡ ಕಡಿವಾಣ ಅದು. ನಮ್ಮ ಕ್ಷೇತ್ರದಲ್ಲಿ ಇಂದಿಗೂ, ರಾಶಿ ಅಂಕಿಗಳಲ್ಲಿ ತಮಗೆ ಬೇಕಾದದ್ದನ್ನು ಹೆಕ್ಕಿ ತೋರಿಸುವ ಪ್ರೆಸೆಂಟೇಷನ್‌ಗಳನ್ನು ನೋಡುವಾಗ ಈ ಪ್ರಬಂಧ ನೆನಪಾಗುತ್ತದೆ.

ಒಂದು ಉಪಕಥೆ. ಇದನ್ನು ಬಿಟ್ಟರೆ ಗಣಿತದ ಮೇಷ್ಟ್ರುಗಳು ನನ್ನನ್ನು ಕ್ಷಮಿಸುವುದಿಲ್ಲ. 1913ರ ಫೆಬ್ರವರಿಯಲ್ಲಿ ವಾಕರ್ ಕೆಲಸದ ಮೇಲೆ ಮದರಾಸಿಗೆ ಹೋಗಿದ್ದ. ಅಲ್ಲಿನ ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತನೊಬ್ಬ ಬರೆದ ಗಣಿತದ ಹಾಳೆಗಳನ್ನು ಆ ಕಚೇರಿಯ ಮುಖ್ಯಸ್ಥ ಫ್ರಾನ್ಸಿಸ್ ಸ್ಪ್ರಿಂಗ್ ಇವನ ಮುಂದಿಟ್ಟ. ಗುಮಾಸ್ತನ ಹೆಸರು ಶ್ರೀನಿವಾಸ ರಾಮಾನುಜನ್. ಅದು ತನ್ನ ಶಾಖೆಯ ಗಣಿತವಲ್ಲ, ಪೂರ್ತಿ ಬೆಲೆ ಕಟ್ಟಲು ತಾನು ಸಮರ್ಥನಲ್ಲ ಎಂದು ವಾಕರ್ ಒಪ್ಪಿಕೊಂಡ. ಆದರೂ ಕೇಂಬ್ರಿಜ್‌ನ ಕಾಲೇಜೊಂದರ ಗಣಿತದ ಫೆಲೋ ಮಾಡುವ ಕೆಲಸಕ್ಕೆ ಸಮನಾದದ್ದು ಇದರಲ್ಲಿದೆ, ಈ ಯುವಕ ಹೊಟ್ಟೆಪಾಡಿನ ಚಿಂತೆಯಿಲ್ಲದೆ ಕೆಲವು ವರ್ಷ ಗಣಿತ ಮಾಡುವಂತಾಗಬೇಕು ಎಂದು ಮದರಾಸು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದ. ರಾಮಾನುಜನ್‌ಗೆ ಎರಡು ವರ್ಷಕ್ಕೆ ತಿಂಗಳಿಗೆ 75 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. ಕೇಂಬ್ರಿಜ್‌ನ ಹಾರ್ಡಿಯ ಹೆಸರು ಎಲ್ಲರಿಗೂ ಗೊತ್ತು. ಮಳೆ ಇಲಾಖೆಯ ಸಾಹೇಬನ ಈ ಪತ್ರ ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಮತ್ತೆ ಮಳೆಗೆ ಬರೋಣ. ಭಾರತದ ಮಳೆಯ ಸುಳಿವಿಗಾಗಿ ಹೊರಟ ವಾಕರ್ ಹೋಗುತ್ತಾ ಹೋಗುತ್ತಾ ಪ್ರಪಂಚದ ಅಂಕಿಗಳನ್ನೆಲ್ಲ ಒಂದಕ್ಕೊಂದು ಹೋಲಿಸತೊಡಗಿದ. ಭಾರತದಲ್ಲಿ ಬರ ಬಂದ ವರ್ಷವೇ ಆಸ್ಟ್ರೇಲಿಯಾದಲ್ಲೂ ಬರ ಬರುತ್ತದೆ ಎಂದು ಅಡಿಲೇಡ್‌ನ ಚಾರ್ಲ್ಸ್ ಟಾಡ್ 1888ರಲ್ಲೇ ಗಮನಿಸಿದ್ದ. ಬಿಡಿಬಿಡಿಯಾಗಿ ಇನ್ನೂ ಕೆಲವರು ಇಂತಹದ್ದನ್ನು ಕಂಡಿದ್ದರು. 1923, 1924ರ ಪ್ರಬಂಧಗಳಲ್ಲಿ ವಾಕರ್ ಅವನ್ನೆಲ್ಲ ಒಂದೇ ಚಿತ್ರಕ್ಕೆ ತಂದ. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗಿನ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ಶಾಲೆಯ ಮೈದಾನದ ಏರುಪೇರು ಹಲಗೆಯ ಒಂದು ತುದಿಯಲ್ಲಿ ಒಂದು ಮಹಾಸಾಗರ, ಇನ್ನೊಂದು ತುದಿಯಲ್ಲಿ ಇನ್ನೊಂದು. ಇದಕ್ಕೆ ದಕ್ಷಿಣದ ಆಂದೋಲನ ಎಂದು ಹೆಸರಿಟ್ಟ. ಉತ್ತರ ಅಟ್ಲಾಂಟಿಕ್‌ನಲ್ಲಿ ಒಂದು, ಉತ್ತರ ಪೆಸಿಫಿಕ್‌ನಲ್ಲಿ ಒಂದು, ಹೀಗೆ ಇನ್ನೂ ಎರಡು ಆಂದೋಲನಗಳನ್ನೂ ಗುರುತಿಸಿದ. ಮೂರರಲ್ಲಿ ನಮ್ಮ ಮುಂಗಾರಿಗೆ ತಳುಕು ಹಾಕಿಕೊಂಡದ್ದು ದಕ್ಷಿಣದ್ದು.

ಹಲಗೆ ಏಕೆ ಆಡುತ್ತದೆ? ವಾಕರ್‌ಗೆ ಗೊತ್ತಾಗಲಿಲ್ಲ. ಸಾಗರದ ಮೇಲ್ಮೈ ಉಷ್ಣತೆಯಲ್ಲಿ ಕಾರಣ ಇರಬಹುದು ಎಂಬ ಊಹೆ ಅವನಲ್ಲಿದ್ದರೂ ಅದನ್ನು ಸಾಬೀತು ಮಾಡುವಷ್ಟು ಅಳತೆ ನಡುಸಾಗರದಲ್ಲಿ ಆಗಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಿಲ್ಲ. ಋತುವಿನ ಮುನ್ಸೂಚನೆಗೆ ಇಂಗ್ಲಿಷಿನಲ್ಲಿ ಫೋರ್‌ಕಾಸ್ಟ್ ಎಂಬ ಪದ ಬೇಡ, ಅಷ್ಟು ಖಚಿತ ನಮಗಿಲ್ಲ, ಫೋರ್‌ಶ್ಯಾಡೋ ಎನ್ನೋಣ ಎಂಬುದು ಅವನ ಪಟ್ಟು. ಕನ್ನಡದಲ್ಲಿ ಮುನ್ನೆರಳು ಎನ್ನಬಹುದೇನೋ. ನೆರಳು ನೋಡಿ ಬರುತ್ತಿರುವವನು ಇದ್ದಾನೆ ಎನ್ನಬಹುದು, ಮುಖ ಹೇಗಿದೆ ಎನ್ನಲಾಗದು.

1924ರಲ್ಲಿ ಸರ್ ಪದವಿ ಬಂತು, ಭಾರತದ ಕೆಲಸದಿಂದ ನಿವೃತ್ತಿಯೂ ಆಯಿತು. ಅವನ ಅವಧಿಯ ಕೊನೆಯ ವರ್ಷಗಳಲ್ಲಿ ಇಲಾಖೆಯ ಜವಾಬ್ದಾರಿ ಹುದ್ದೆಗಳಿಗೆ ಭಾರತೀಯರು ಬರತೊಡಗಿದ್ದರು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ 1922ರಲ್ಲಿ ಕಲ್ಕತ್ತೆಯ ಆಲಿಪುರ ವೀಕ್ಷಣಾಲಯದ ಹೊಣೆ ಹೊತ್ತರು. ಇಂಗ್ಲೆಂಡಿಗೆ ಮರಳಿದ ವಾಕರ್ 1934ರವರೆಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹವಾಮಾನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ. ನಾನು ಮೊದಲು ಹೇಳಿದ ಸಮೀಕರಣ 1931ರದು. ಇಂದಿನ ಅಂಕಿಗೆ ನಿನ್ನೆ ಮೊನ್ನೆಯ ಅಂಕಿಗಳ ನೆನಪು ಎಷ್ಟು ಅಂಟಿಕೊಂಡಿದೆ ಎಂದು ಅಳೆಯುವ ಲೆಕ್ಕ ಅದು. ಅವನು ಅದನ್ನು ಪ್ರಯೋಗಿಸಿ ನೋಡಿದ್ದು ಆಸ್ಟ್ರೇಲಿಯಾದ ಡಾರ್ವಿನ್ ಪಟ್ಟಣದ ವಾಯುಭಾರದ ಮೇಲೆ. ಹಕ್ಕಿಗಳು ರೆಕ್ಕೆ ಬಡಿಯದೆ ಹೇಗೆ ತೇಲುತ್ತವೆ, ಕೊಳಲಿನ ರಚನೆಯನ್ನು ಹೇಗೆ ಸುಧಾರಿಸಬಹುದು ಎಂಬ ಹಳೆಯ ಹುಚ್ಚುಗಳೂ ಜೊತೆಗಿದ್ದವು.

ಆದರೆ ದೊಡ್ಡ ಕೆಲಸದ ಮೇಲೆ ಜನರಿಗೆ ನಂಬಿಕೆ ಬರಲಿಲ್ಲ. ಕಾರಣ ಹೇಳದೆ ಬರೀ ಅಂಕಿ ತೋರಿಸಿದರೆ ಹೇಗೆ ಎಂದರು ವಿಜ್ಞಾನಿಗಳು. ಅದರ ಮೇಲೆ ದುರದೃಷ್ಟವೆಂದರೆ, 1920ರ ದಶಕದಿಂದ ಕೆಲವು ದಶಕ ಆ ಹಲಗೆಯ ಆಟವೇ ಮಂದವಾಯಿತು. ಅವನು ಆರಿಸಿದ್ದ ಹಲವು ಸೂಚಕಗಳು ಮುಂಗಾರಿನೊಡನೆ ಹೊಂದಿಕೊಳ್ಳದೇ ಹೋದವು. 1958ರ ನವೆಂಬರ್ 4ರಂದು 90ನೇ ವಯಸ್ಸಿನಲ್ಲಿ ಇಂಗ್ಲೆಂಡಿನ ಸರ‍್ರೆ ಪ್ರಾಂತ್ಯದಲ್ಲಿ ಅವನು ತೀರಿಕೊಂಡಾಗ, ಹುಡುಕಿದ್ದು ಸಿಗದೆ ಹೋದ ಮನುಷ್ಯ ಎಂಬಂತೆಯೇ ಅನೇಕರು ನೆನೆದರು.

ವಿಚಿತ್ರವೆಂದರೆ ಅವನು ಸಾಯುತ್ತಿದ್ದ ಹೊತ್ತಿಗೇ ಉತ್ತರ ಸಾಗರದಲ್ಲಿ ಸಂಗ್ರಹವಾಗುತ್ತಿತ್ತು. 1957-58 ಅಂತರರಾಷ್ಟ್ರೀಯ ಭೂಭೌತ ವರ್ಷ. ಅನೇಕ ದೇಶಗಳು ಸೇರಿ ಸಾಗರ, ಗಾಳಿಗಳನ್ನು ಅಳೆದವು. ಅದೇ ವರ್ಷ ಪೆಸಿಫಿಕ್‌ನಲ್ಲಿ ದೊಡ್ಡ ಎಲ್ ನಿನೊ ಬಂತು. ಪೆರು ದೇಶದ ಮೀನುಗಾರರು ಕ್ರಿಸ್‌ಮಸ್ ಸುಮಾರಿಗೆ ತಮ್ಮ ಕರಾವಳಿಯ ತಣ್ಣೀರು ಬೆಚ್ಚಗಾಗುವುದನ್ನು ಬಾಲಯೇಸುವಿನ ಹೆಸರಿನಿಂದ ಎಲ್ ನಿನೊ ಎನ್ನುತ್ತಿದ್ದರು. ಅದು ಅವರ ಊರಿನ ವಿಷಯ ಎಂದೇ ಎಲ್ಲರೂ ತಿಳಿದಿದ್ದರು. ನಾರ್ವೆ ಮೂಲದ ವಿಜ್ಞಾನಿ ಜೇಕಬ್ ಬ್ಯರ್ಕ್‌ನೆಸ್ ಈ ಅಳತೆಗಳನ್ನು ಮುಂದಿಟ್ಟುಕೊಂಡು, ಮೀನುಗಾರರ ಬೆಚ್ಚನೆಯ ನೀರೂ ವಾಕರನ ಹಲಗೆಯೂ ಒಂದೇ ಯಂತ್ರದ ಎರಡು ಭಾಗ ಎಂದು 1960ರ ದಶಕದ ಕೊನೆಯಲ್ಲಿ ತೋರಿಸಿದ.

ಯಂತ್ರ ಹೀಗಿದೆ. ಸಾಮಾನ್ಯ ವರ್ಷಗಳಲ್ಲಿ ಪೆಸಿಫಿಕ್‌ನ ಸಮಭಾಜಕದ ಮೇಲೆ ವಾಣಿಜ್ಯ ಮಾರುತಗಳು ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತವೆ. ಬಿಸಿನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳಿ ಗುಡ್ಡೆ ಹಾಕುತ್ತವೆ. ಅಲ್ಲಿ ಗಾಳಿ ಬಿಸಿಯಾಗಿ ಮೇಲೇರಿ ಮೋಡ ಕಟ್ಟಿ ಮಳೆ ಸುರಿಸುತ್ತದೆ. ಮೇಲೇರಿದ ಗಾಳಿ ಎತ್ತರದಲ್ಲಿ ಪೂರ್ವಕ್ಕೆ ಹರಿದು ಪೆರುವಿನ ತಣ್ಣೀರಿನ ಮೇಲೆ ಇಳಿಯುತ್ತದೆ. ಈ ಚಕ್ರಕ್ಕೆ ಬ್ಯರ್ಕ್‌ನೆಸ್ 1969ರಲ್ಲಿ ವಾಕರ್ ಪರಿಚಲನೆ ಎಂದು ಹೆಸರಿಟ್ಟ. ವಾಕರ್ ಸತ್ತು ಆಗ 11 ವರ್ಷ. ಎಲ್ ನಿನೊ ಎಂದರೆ ಮಾರುತಗಳು ಸೋತು, ಬಿಸಿನೀರು ಪೂರ್ವಕ್ಕೆ ಮರಳಿ ಹರಡುವುದು. ಗಾಳಿ ಏರುವ ಜಾಗವೂ ಅದರ ಹಿಂದೆ ಹೋಗುತ್ತದೆ. ಮೊದಲು ಏರುತ್ತಿದ್ದ ಕಡೆ, ನಮ್ಮ ದಿಕ್ಕಿನಲ್ಲಿ, ಗಾಳಿ ಇಳಿಯಲು ಶುರುವಾಗುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದು ಕಷ್ಟ. ಮುಂಗಾರು ಸೊರಗುವುದು ಹೀಗೆ. ಇದರ ಉಲ್ಟಾ ಲಾ ನಿನಾ. ಧಾತು-ಈಶ್ವರದ ಬರದ ಹಿಂದೆಯೂ, ಎಲಿಯಟ್‌ನನ್ನು ಕೆಡವಿದ 1899ರ ಹಿಂದೆಯೂ ಎಲ್ ನಿನೊ ಇತ್ತು ಎಂದು ಈಗ ನಮಗೆ ಗೊತ್ತು.

ಹಾಗಾದರೆ ಎಲ್ ನಿನೊ ಬಂತೆಂದರೆ ಬರ ಎಂದು ಬರೆದಿಟ್ಟುಕೊಳ್ಳಬಹುದೇ? ಇಲ್ಲ. 1997ರಲ್ಲಿ ಶತಮಾನದ ದೊಡ್ಡ ಎಲ್ ನಿನೊಗಳಲ್ಲಿ ಒಂದು ಬಂತು, ದೇಶದ ಮುಂಗಾರು ಸರಾಸರಿಗಿಂತ ಒಂದಿಷ್ಟು ಹೆಚ್ಚೇ ಆಯಿತು. 2002ರಲ್ಲಿ ಅದಕ್ಕಿಂತ ಬಹಳ ದುರ್ಬಲವಾದದ್ದು ಬಂತು, ಜುಲೈ ಮಳೆ ದೇಶದಲ್ಲಿ ಅರ್ಧಕ್ಕಿಳಿಯಿತು. ನಾನು ಆಗ ಪ್ರೌಢಶಾಲೆಯ ಹುಡುಗ. 2001ರಿಂದ 2003ರವರೆಗೆ ಸತತ ಮೂರು ವರ್ಷ ಕರ್ನಾಟಕದಲ್ಲಿ ಬರ, ಅದರಲ್ಲಿ 2001ರಲ್ಲಿ ಎಲ್ ನಿನೊ ಇರಲೇ ಇಲ್ಲ. ನನ್ನ ಬ್ಯಾಚಿನವರಿಗೆ ಆ ವರ್ಷಗಳ ಗೋಶಾಲೆ, ನೀರಿನ ಟ್ಯಾಂಕರಿನ ಹಿಂದೆ ಓಡುವ ಕೊಡಗಳು, ಕೂಲಿಗಾಗಿ ಕಾಳು ಕಾಮಗಾರಿಗಳು ನೆನಪಿರಬಹುದು. ದನ ಮಾರಿದೆವು, ಕೆಲವರು ಊರು ಬಿಟ್ಟರು. ಆದರೆ ಧಾತು-ಈಶ್ವರದಂತೆ ಜನ ದಾರಿಯಲ್ಲಿ ಬಿದ್ದು ಸಾಯಲಿಲ್ಲ. ಸೊಸೈಟಿಯಲ್ಲಿ ಅಕ್ಕಿ ಇತ್ತು. ಮಳೆಯ ಲೆಕ್ಕಕ್ಕಿಂತ ಆ ಅಕ್ಕಿಯ ಲೆಕ್ಕ ಹೆಚ್ಚು ಜೀವ ಉಳಿಸಿತು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ತೊಡಕು ಹಿಂದೂ ಮಹಾಸಾಗರದ್ದೇ. ಅದರ ಪಶ್ಚಿಮ ಭಾಗ ಬಿಸಿಯಾಗಿ ಪೂರ್ವ ಭಾಗ ತಣ್ಣಗಾದರೆ ನಮ್ಮ ಮುಂಗಾರಿಗೆ ಬಲ ಬರುತ್ತದೆ. 1999ರಲ್ಲಿ ವಿಜ್ಞಾನಿಗಳು ಇದಕ್ಕೆ ಹಿಂದೂ ಮಹಾಸಾಗರದ ದ್ವಿಧ್ರುವ ಎಂದು ಹೆಸರಿಟ್ಟರು. 1997ರಲ್ಲಿ ನಮ್ಮನ್ನು ಕಾಪಾಡಿದ್ದರಲ್ಲಿ ಇದರ ಪಾಲೂ ಇದೆ ಎನ್ನುತ್ತಾರೆ. ಜೊತೆಗೆ ಕಾಲದ ಸಮಸ್ಯೆ. ನಮಗೆ ಬಿತ್ತನೆಗೆ ಮುಂಚೆ, ಏಪ್ರಿಲ್-ಮೇನಲ್ಲಿ ತಿಳಿಯಬೇಕು. ಪೆಸಿಫಿಕ್ ತನ್ನ ಮನಸ್ಸು ಬದಲಿಸುವುದು ಸರಿಯಾಗಿ ಆ ತಿಂಗಳುಗಳಲ್ಲೇ. ಎಲ್ ನಿನೊ ಪೂರ್ತಿ ಬಲಿಯುವುದು ಡಿಸೆಂಬರಿಗೆ, ಅಷ್ಟರಲ್ಲಿ ನಮ್ಮ ಕಡಲೆಕಾಯಿ ಮನೆ ಸೇರಿರುತ್ತದೆ ಇಲ್ಲವೇ ಹೊಲದಲ್ಲೇ ಒಣಗಿರುತ್ತದೆ.

ನಮ್ಮ ಜಿಲ್ಲೆಗೆ ಮಾತ್ರ ಅನ್ವಯಿಸುವ ಒಂದು ಮಾತೂ ಇದೆ. ಮುಂಗಾರನ್ನು ಕೆಡಿಸುವ ಎಲ್ ನಿನೊ ದಕ್ಷಿಣ ಒಳನಾಡು ಸೇರಿದಂತೆ ತೆಂಕಣ ಭಾರತದ ಹಿಂಗಾರಿಗೆ ಸಾಮಾನ್ಯವಾಗಿ ಸಹಾಯವನ್ನೇ ಮಾಡುತ್ತದೆ. ಆದ್ದರಿಂದ ಮುಂಗಾರು ಹೋಯಿತೆಂದು ಕೈಚೆಲ್ಲದೆ ಚಿತ್ತಾ, ಸ್ವಾತಿ ಮಳೆಗೆ ಕಾಯುವ ನಮ್ಮವರ ರೂಢಿಗೆ ಅರ್ಥವಿದೆ. ಸಾಮಾನ್ಯವಾಗಿ ಎಂಬ ಪದವನ್ನು ಗಮನಿಸಿ. 2023ರ ಎಲ್ ನಿನೊದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು, ಹಿಂಗಾರೂ ಕೈಕೊಟ್ಟಿತು. ಅದಕ್ಕೆ ಮುಂಚೆ 2020ರಿಂದ 2022ರವರೆಗೆ ಸತತ ಮೂರು ವರ್ಷ ಲಾ ನಿನಾ ಇತ್ತು. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ, 89 ವರ್ಷಕ್ಕೆ, ಕೋಡಿ ಬಿತ್ತು. ಭದ್ರೆಯ ನೀರು ಅದಕ್ಕೆ ಬಂದು ಸೇರುತ್ತಿದ್ದುದೂ ಒಂದು ಕಾರಣ, ಎಲ್ಲವನ್ನೂ ಪೆಸಿಫಿಕ್ ಲೆಕ್ಕಕ್ಕೆ ಬರೆಯಲಾಗದು. ಆದರೂ ಆ ದಿನ ಕಣಿವೆಯಲ್ಲಿ ನಿಂತು ಕೋಡಿ ನೋಡಿದ ಸಾವಿರಾರು ಜನರಲ್ಲಿ ನಾನೂ ಒಬ್ಬ.

ಈಗಲೂ ತಾಹಿತಿ ದ್ವೀಪ ಮತ್ತು ಡಾರ್ವಿನ್, ಈ ಎರಡು ಊರುಗಳ ವಾಯುಭಾರದ ವ್ಯತ್ಯಾಸವನ್ನು ತಿಂಗಳು ತಿಂಗಳಿಗೆ ಲೆಕ್ಕ ಹಾಕಿ ಪ್ರಕಟಿಸುತ್ತಾರೆ. ಶಿಮ್ಲಾದ ಗುಮಾಸ್ತರು ಕೈಯಲ್ಲಿ ಹಾಕುತ್ತಿದ್ದ ಲೆಕ್ಕದ ಮುಂದುವರಿಕೆಯೇ ಅದು. ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ನೋಡಬಹುದು. ಹಿಂದಿನ ಹತ್ತಾರು ವರ್ಷಗಳ ಆ ಅಂಕಿಗಳನ್ನು, ಪಕ್ಕದಲ್ಲಿ ನಮ್ಮ ಹೋಬಳಿಯ ಮಳೆ ಬರೆಯಲು ಖಾಲಿ ಕಂಬಸಾಲು ಬಿಟ್ಟು, ಮುದ್ರಿಸಿ ಶಾಲೆಯ ವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದ್ದೇನೆ. ಹೋಬಳಿಯ ಮಳೆಯ ಅಂಕಿ ನಾಡಕಚೇರಿಯಲ್ಲಿ ಸಿಗುತ್ತದೆ. ಒಂಬತ್ತನೇ ತರಗತಿಯ ಮಕ್ಕಳು ಈ ಜೂನ್‌ನಿಂದ ತುಂಬಲು ಶುರುಮಾಡುತ್ತಾರೆ ಎಂದು ಮೇಷ್ಟ್ರು ಹೇಳಿದ್ದಾರೆ.